ಯಾರು ಬಟ್ಟೆ ಬೀಸಿದರೂ ನಿಲ್ಲದ ಏಳನೇ ಪ್ರಶ್ನೆಯ ದೋಣಿಗೆ

ಗಣಿತ ಪತ್ರಿಕೆಯ ಏಳನೇ ಪ್ರಶ್ನೆಯಲ್ಲಿ ವರ್ಷವಿಡೀ ಸಂಚರಿಸುತ್ತಿರುವ ಮಾನ್ಯ ದೋಣಿಯವರೇ,

ಇಕಿಟೋಸ್ ಪಟ್ಟಣದ ಹಾಸ್ಟೆಲಿನ ಮೇಲ್ಮಂಚದ ನಿವಾಸಿ, ಮೊದಲ ವರ್ಷದ ವಿದ್ಯಾರ್ಥಿನಿ ನೆಲ್ಸಿ ತಪುಯಿಮಾ ನಡುಗುತ್ತಾ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಕೆಡುವುದಕ್ಕೆ ತಮ್ಮಲ್ಲಿ ಎಂಜಿನ್ನೇ ಇಲ್ಲವಲ್ಲ.

ತಾವು ಪ್ರವಾಹಕ್ಕೆದುರಾಗಿ ಇಪ್ಪತ್ತನಾಲ್ಕು ಕಿಲೋಮೀಟರ್ ಹೋಗಿ, ಅಷ್ಟೇ ದೂರ ಮರಳಿ, ಒಟ್ಟು ಐದು ಗಂಟೆ ತೆಗೆದುಕೊಂಡಿರಿ. ನೀರಿನ ವೇಗ ಗಂಟೆಗೆ ಎರಡು ಕಿಲೋಮೀಟರ್. ನಿಶ್ಚಲ ನೀರಿನಲ್ಲಿ ತಮ್ಮ ವೇಗವೆಷ್ಟು ಎಂದು ಕೇಳಲಾಗಿತ್ತು. ನಾನು ಮರನ್ಯೋನ್ ನದಿಯಲ್ಲಿ ಅಬ್ನೇರ್ ಮಾವನ ದೋಣಿಯ ಮೇಲೆ ಬೆಳೆದವಳು. ನಮ್ಮಲ್ಲಿ ದಂಡೆಯಿಂದ ಯಾರು ಬಟ್ಟೆ ಬೀಸಿದರೂ ದೋಣಿ ನಿಲ್ಲಲೇಬೇಕು. ನಿಲ್ಲದ ದೋಣಿ ಮರಳಿನಲ್ಲಿ ಸಿಕ್ಕಿಕೊಂಡಾಗ ತಳ್ಳಲು ಯಾರೂ ನೀರಿಗಿಳಿಯುವುದಿಲ್ಲ. ಆದ್ದರಿಂದ ನಮ್ಮ ದಂಡೆಯ ಎಡೆಲ್ಮಿರಾ ಅಜ್ಜಿಗಾಗಿ ನಿಲ್ಲುವ ಬಾಬ್ತು ಐದು ಗಂಟೆಯಲ್ಲಿ ಒಂದನ್ನು ಕಳೆದು ಲೆಕ್ಕ ಮಾಡಿದೆ. ಆಕೆ ಮೊದಲು ಬಟ್ಟೆ ಬೀಸಿ, ಆಮೇಲೆ ಸಂತೆಗೆ ಒಯ್ಯಬೇಕಾದ ಹಂದಿ ಹಿಡಿಯಲು ಹೊರಡುವವಳು. "ಅಜ್ಜೀ, ಹಂದಿ ಹಿಡಿದ್ಮೇಲೆ ಬೀಸಬಾರ್ದಾ?" ಎಂದು ಮಾವ ಕೂಗಿದರೆ, "ನೀನು ನಿಲ್ತೀಯೋ ಇಲ್ವೋ ಗೊತ್ತಾಗ್ದೆ ನಾನ್ಯಾಕೋ ಸುಮ್ನೆ ಹಂದಿ ಹಿಂದೆ ಓಡ್ಲಿ?" ಎನ್ನುತ್ತಾಳೆ.

ಪರಿಣಾಮವಾಗಿ ನನ್ನ ವರ್ಗಸಮೀಕರಣದಲ್ಲಿ ನಲವತ್ತು ವರ್ಗಮೂಲದ ಕೆಳಗೆ ಸಿಕ್ಕಿಕೊಂಡಿತು; ಎಷ್ಟು ಎಳೆದರೂ ಪೂರ್ತಿ ಹೊರಬರಲಿಲ್ಲ. "ಪ್ರಶ್ನೇಲಿ ಹಂದಿ ಎಲ್ಲಿತ್ತಮ್ಮಾ?" ಎಂದು ಗಣಿತದ ಸಬೋಯಾ ಸರ್ ಕೇಳಿದರು. "ನದಿ ಇದೆ ಅಂದ್ರೆ ದಂಡೆ ಇರುತ್ತೆ ಸರ್, ದಂಡೆ ಇದೆ ಅಂದ್ರೆ ಅಜ್ಜಿ ಇರ್ತಾರೆ" ಎಂದೆ. ಸೊನ್ನೆ ಕೊಟ್ಟರು. ಗಣಿತದಲ್ಲಿ ಫೇಲು. ಮರುಪರೀಕ್ಷೆಯಲ್ಲೂ ಹೋದರೆ ಹಾಸ್ಟೆಲ್ ಸೀಟು ಕಟ್, ಓದಿಗೇ ಪೂರ್ಣವಿರಾಮ ಎಂಬ ಟೆನ್ಷನ್ನಿನಲ್ಲಿ ಊಟದ ಹುವಾನೆ ಎಂಬ ಅನ್ನದ ಕಟ್ಟನ್ನು ಸುತ್ತಿದ ಎಲೆಸಮೇತ ತಿಂದೆ.

ತಮ್ಮ ಮಹಿಮೆ ನನಗೆ ತಿಳಿಯದ್ದಲ್ಲ. ಡೀಸೆಲ್ ಇಲ್ಲದೆ, ನಾವಿಕನಿಲ್ಲದೆ, ಮಲಗಲು ಒಂದು ಜೋಲಿಯೂ ಇಲ್ಲದೆ, ತೇಲಿಬರುವ ಮರಗಳೆಲ್ಲ ಹೆದರಿ ದಾರಿಬಿಡುವಂತೆ ತಾವು ಸಾಗುವ ಗಾಂಭೀರ್ಯ ಯಾರಿಗಿದೆ? ಆದರೂ ದಯಮಾಡಿ ಒಮ್ಮೆ ಸರ್ ಮನೆಯೆದುರು ಲಂಗರು ಹಾಕಿ, ತಾವೂ ಅಲ್ಲಲ್ಲಿ ನಿಲ್ಲುವುದುಂಟೆಂದು ಸಾಕ್ಷಿ ಹೇಳಬೇಕು. ಅವರ ಮನೆಯವರೆಗೆ ನದಿಯಿಲ್ಲವೆಂಬ ನೆಪ ಬೇಡ. ಆ ನಿಶ್ಚಲ ನೀರು ಎಲ್ಲಿದೆಯೆಂದೂ ತಿಳಿಸಬೇಕು. ಮಾವನಿಗೆ ಅಲ್ಲಿ ಒಂದು ದಿನ ನಿದ್ದೆ ಮಾಡಬೇಕಂತೆ.

ಮರುಪರೀಕ್ಷೆಗೂ ತಾವೇ ಬಂದಿರಿ. ನಾನು ಯಾರಿಗಾಗಿಯೂ ತಮ್ಮನ್ನು ನಿಲ್ಲಿಸಲಿಲ್ಲ. ಹತ್ತು ಎಂದು ಬರೆದೆ. ಪಾಸಾದೆ, ಸೀಟೂ ಉಳಿಯಿತು. "ಹೋಗ್ಲಿ ಬಿಡು ಮಗಾ, ಅಜ್ಜಿಗೆ ಮಾತ್ರ ಹೇಳ್ಬೇಡ" ಎಂದರು ಮಾವ.

ದಂಡೆಯಲ್ಲೇ ಉಳಿದ ತಮ್ಮ ವಿಶ್ವಾಸಿ,
ನೆಲ್ಸಿ ತಪುಯಿಮಾ

ತಾ.ಕ.: ಸಮೀಕರಣ ಇನ್ನೊಂದು ಉತ್ತರವನ್ನೂ ಕೊಟ್ಟಿತ್ತು: ಮೈನಸ್ ಐದನೇ ಎರಡು. "ಹಿಂದಕ್ಕೆ ಹೋಗೋ ವೇಗ ಇರಲ್ಲಮ್ಮಾ, ಹೊಡೆದುಹಾಕು" ಎನ್ನುವುದು ಸರ್ ನಿಯಮ. ಬಿಟ್ಟುಬಂದವರನ್ನು ಹತ್ತಿಸಿಕೊಳ್ಳಲು ತಾವು ನಾಚಿಕೊಂಡು ಹಿಂದಿರುಗುವ ವೇಗ ಅದೇ ಇರಬೇಕೆಂದು ನನ್ನ ಗುಮಾನಿ. ಮಾರ್ಕ್ಸ್ ಬೇಕಿತ್ತು, ಹೊಡೆದುಹಾಕಿದೆ. ಒಂದೇ ಗೆರೆ ಎಳೆದಿದ್ದೇನೆ. ಕೆಳಗಿನದು ಓದಲು ಬರುತ್ತದೆ.