ವಿಮಾನ ಕಲಿತವನು ಗಿರಣಿಯ ಪಂಕಾ ಮುಟ್ಟಿದ್ದು

ಅರ್ಧ ಕಲಿತವನು ಊರಿಗೆ ಬರಬಾರದು. ಏನೂ ಕಲಿಯದವನು ಸುಮ್ಮನಿರುತ್ತಾನೆ, ಪೂರ್ತಿ ಕಲಿತವನಿಗೆ ತನಗೇನು ಗೊತ್ತಿಲ್ಲ ಎಂಬುದಾದರೂ ಗೊತ್ತಿರುತ್ತದೆ, ಅಪಾಯವೆಲ್ಲ ನಡುವಿನವನದು. ಎಪ್ಪತ್ತರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ವಿಮಾನ ಎಂಜಿನಿಯರಿಂಗ್‌ನ ಸ್ನಾತಕೋತ್ತರ ಪದವಿಗೆ ಓದುತ್ತ, ಮೊದಲ ವರ್ಷ ಮುಗಿಸಿ, ತಂಗಿಯ ಮದುವೆಗೆಂದು ಗಂಗಾವತಿಗೆ ಬಂದ ಆ ನಡುವಿನವನು ನಾನೇ.

ಊರಿನವರ ಪ್ರಕಾರ ನಾನು ವಿಮಾನ ಓಡಿಸುವವನು. ಯಲಬುರ್ಗಾದಿಂದ ಮದುವೆಗೆ ಬಂದಿದ್ದ ದೊಡ್ಡಮ್ಮ, "ನಮ್ಮ ಹೊಲದ ಮ್ಯಾಲಿಂದ ಹೋಗುವಾಗ ಒಂದೀಟು ಕೆಳಗ ತಗೊಂಡು ಹೋಗಪಾ, ನಿಮ್ಮ ದೊಡ್ಡಪ್ಪ ನೋಡ್ಲಿ" ಎಂದು ಕೇಳಿಕೊಂಡಿದ್ದಳು. ನಿಜ ಹೇಳಬೇಕೆಂದರೆ ಆ ವರ್ಷವಿಡೀ ನಾನು ವಿಮಾನ ಮುಟ್ಟಿದ್ದು ಹತ್ತುವಾಗ ಮತ್ತು ಇಳಿಯುವಾಗ ಮಾತ್ರ. ಉಳಿದಂತೆ ಬೆಳಗಿನಿಂದ ಸಂಜೆಯವರೆಗೆ ಕಾಗದದ ಮೇಲೆ ಲೆಕ್ಕ. ಎಂಜಿನ್ನಿನೊಳಗೆ ತಿರುಗುವ ರೆಕ್ಕೆಗಳು ಹೇಗೆ ಅದುರುತ್ತವೆ, ಎಷ್ಟು ಅದುರಿದರೆ ಮುರಿಯುತ್ತವೆ ಎಂಬುದು ನನ್ನ ವಿಷಯ. ಪ್ರಯೋಗಾಲಯದಲ್ಲಿ ನಿಜವಾದ ರೆಕ್ಕೆಗಳನ್ನು ತಿರುಗಿಸಿ ಮುರಿಯುತ್ತಿದ್ದ ಒಬ್ಬ ಮುದಿ ಮೆಕ್ಯಾನಿಕ್ ಇದ್ದ. ಅವನು ನಮಸ್ಕಾರ ಹೇಳಿದರೆ ನಾನು ತಲೆಯಾಡಿಸಿ ಮುಂದೆ ಹೋಗುತ್ತಿದ್ದೆ. ಎಣ್ಣೆ ಕೈಯವರ ಹತ್ತಿರ ನಿಂತು ಮಾತಾಡುವಷ್ಟು ಕಡಿಮೆ ನಾನು ಓದಿರಲಿಲ್ಲ.

ನನ್ನ ಸೋದರಮಾವನದೊಂದು ಅಕ್ಕಿ ಗಿರಣಿ ಇತ್ತು. ಹೊಟ್ಟು ಊದಿ ಹೊರಹಾಕುವ ಪಂಕಾದ ಗಾಳಿ ಸಾಲದೆ ಅಕ್ಕಿಯಲ್ಲಿ ಹೊಟ್ಟು ಉಳಿಯುತ್ತಿತ್ತು. ಮದುವೆ ಮುಗಿದ ಮರುದಿನವೇ ಮಾವ, "ಅಳಿಯಾ, ವಿಮಾನದ ಪಂಕಾ ಮಾಡಾಂವಗ ಇದೇನು ದೊಡ್ಡದು? ನೋಡು ಬಾ" ಎಂದು ಎಳೆದೊಯ್ದ. ಉಳಿದ ಲಗ್ನಪತ್ರಿಕೆಯೊಂದರ ಹಿಂಬದಿಯಲ್ಲಿ ಅರ್ಧ ಗಂಟೆಯಲ್ಲಿ ಲೆಕ್ಕ ಮುಗಿಸಿದೆ. ಪಂಕಾಕ್ಕೆ ಸಣ್ಣ ಪುಲ್ಲಿ ಹಾಕಿದರೆ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದರೆ ಗಾಳಿ ಹೆಚ್ಚುತ್ತದೆ. ಗಿರಣಿ ಶುರುವಾದ ದಿನದಿಂದ ಅಲ್ಲೇ ಇದ್ದ ಮಿಸ್ತ್ರಿ ಹುಸೇನಸಾಬರು ತರಿಸಿದ ಹೊಸ ಪುಲ್ಲಿಯನ್ನು ಕೈಯಲ್ಲಿ ಹಿಡಿದು ನಿಂತರು.

"ಸಾಹೇಬ್ರ, ಈ ರೆಕ್ಕಿ ಎರಡು ಸಲ ವೆಲ್ಡಿಂಗ್ ಮಾಡಿಸಿದ್ದು ಅದಾವ್ರಿ. ಇಷ್ಟು ಜೋರು ತಡ್ಯಾಂಗಿಲ್ಲ."

"ಲೆಕ್ಕದಾಗ ತಡೀತಾವ, ಹುಸೇನಸಾಬ್ರ."

"ಲೆಕ್ಕದಾಗ ವೆಲ್ಡಿಂಗ್ ಹಿಡದೀರೇನ್ರಿ?"

ಹಿಡಿದಿರಲಿಲ್ಲ. ಆದರೆ ಮಾವ ಪಕ್ಕದಲ್ಲೇ ನಿಂತಿದ್ದ. ಇಂಗ್ಲೆಂಡಿನಿಂದ ಬಂದವನು ಮಾವನೆದುರು ಮಿಸ್ತ್ರಿಗೆ ಸೋಲುವುದುಂಟೆ? "ಎಲ್ಲಾ ಹಿಡದೀನ್ರಿ" ಎಂದೆ.

ಎರಡು ದಿನ ಅಕ್ಕಿ ಮಲ್ಲಿಗೆಯಂತೆ ಬಂತು. ಮಾವ ಬಂದವರಿಗೆಲ್ಲ ಬೊಗಸೆಯಲ್ಲಿ ಹಿಡಿದು ತೋರಿಸಿದ. ಮೂರನೆಯ ದಿನ ಮಧ್ಯಾಹ್ನ ಹುಸೇನಸಾಬರು ನನ್ನ ಬಳಿ ಬಂದು, "ದನಿ ಬದಲಾಗೇತ್ರಿ, ಬಂದ್ ಮಾಡೂಣು" ಎಂದರು. ನನಗೇನೂ ಕೇಳಿಸಲಿಲ್ಲ. "ಇದ್ದ ಭತ್ತ ಮುಗೀಲಿ ತಡೀರಿ" ಎಂದೆ. ಬೇರಿಂಗು ಬಿಸಿಯಾಗಿದೆಯೇ ನೋಡೋಣವೆಂದು ಅವರು ಪಂಕಾದ ಬಳಿ ಕೈಯಿಟ್ಟರು. ರೆಕ್ಕೆಯೊಂದು ಕಿತ್ತುಕೊಂಡು, ತಗಡು ಸೀಳಿ ಹೊರಬಂತು. ಅವರ ಬಲಗೈಯ ಎರಡು ಬೆರಳು ಹೋದವು.

ಜೀಪಿನಲ್ಲಿ ಆಸ್ಪತ್ರೆಗೆ ಹೋಗುವಾಗ ಟವೆಲ್ ಸುತ್ತಿದ ಆ ಕೈ ನನ್ನ ತೊಡೆಯ ಮೇಲಿತ್ತು. ಅವರು ಕೇಳಿದ್ದು ಒಂದೇ ಮಾತು: "ಮಷಿನ್ ಬಂದ್ ಮಾಡ್ಯಾರೇನ್ರಿ? ಬೆಲ್ಟು ಹರದು ಮತ್ತೊಬ್ಬರಿಗೆ ಬಡದೀತು." ಮಾವ ಊರಿಗೆಲ್ಲ "ಹಳೇ ರೆಕ್ಕಿ, ಅವನ ಗ್ರಹಚಾರ" ಎಂದು ಹೇಳಿಕೊಂಡು ಬಂದ. ನಾನು ತಿದ್ದಲಿಲ್ಲ. ವಾರದೊಳಗೆ ವಿಮಾನ ಹತ್ತಿದೆ.

ಇಂಗ್ಲೆಂಡ್ ತಲುಪಿದ ಮೊದಲ ದಿನವೇ ಆ ಮುದಿ ಮೆಕ್ಯಾನಿಕ್ಕಿನ ಬಳಿ ಹೋಗಿ, ರೆಕ್ಕೆ ಮುರಿಯುವ ಮುಂಚೆ ದನಿ ಹೇಗಿರುತ್ತದೆ ಎಂದು ಕೇಳಿದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಂದು ಸ್ಟೂಲು ಎಳೆದುಕೊಟ್ಟ. ದಿನಾ ಕೂತೆ. ಮೂರು ತಿಂಗಳ ಮೇಲೆ ಒಂದು ದಿನ ಕೇಳಿಸಿತು: ತೀರಾ ಸಣ್ಣದೊಂದು ಅಪಸ್ವರ. ಹೊರಗೆ ಓಡಿ ವಾಂತಿ ಮಾಡಿಕೊಂಡೆ. ಮೆಕ್ಯಾನಿಕ್ಕು ಅದು ಕ್ಯಾಂಟೀನಿನ ಊಟದ ದೋಷವೆಂದು ತಿಳಿದು ಸಮಾಧಾನ ಹೇಳಿದ. ಮರುವರ್ಷ ನನ್ನ ಪ್ರಬಂಧದಲ್ಲಿ ವೆಲ್ಡಿಂಗ್ ಮಾಡಿದ ರೆಕ್ಕೆಗಳ ಅಧ್ಯಾಯವೇ ಎಲ್ಲಕ್ಕಿಂತ ಉದ್ದವಾಗಿತ್ತು. ಈ ವಿಷಯ ಹೇಗೆ ಹೊಳೆಯಿತು ಎಂದು ಪರೀಕ್ಷಕರು ಕೇಳಿದರು. "ನಮ್ಮ ಊರಿನಲ್ಲಿ ಒಬ್ಬರು ಕೇಳಿದ್ದರು" ಎಂದೆ. ಪಾಸಾಯಿತು.

ಊರಿಗೆ ಬಂದವನು ನೇರ ಗಿರಣಿಗೆ ಹೋದೆ. ಹುಸೇನಸಾಬರು ಎಡಗೈಯಲ್ಲಿ ಪಾನಾ ಹಿಡಿದು ನಟ್ಟು ಬಿಗಿಯುತ್ತಿದ್ದರು.

"ಹುಸೇನಸಾಬ್ರ, ಅವತ್ತ ನಾನು ವೆಲ್ಡಿಂಗ್ ಲೆಕ್ಕ ಹಿಡದಿದ್ದಿಲ್ಲ. ಸುಳ್ಳು ಹೇಳಿದ್ದೆ."

"ಗೊತ್ತಿತ್ರಿ."

"ಮತ್ಯಾಕ ಸುಮ್ಮನಾದ್ರಿ?"

"ನೀವು ಓದಿದವ್ರು, ಮಾಲಕರ ಅಳಿಯಾ. ನಾ ಎಷ್ಟು ಸಲ ಹೇಳ್ಲಿ? ಎರಡು ಸಲ ಹೇಳಿದ್ನಲ್ರಿ."

ಅವರೇ ಚಹಾ ತರಿಸಿದರು. ಕುಡಿಯುತ್ತ ಕೇಳಿದರು: "ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀವು ಹತ್ತಿ ಬಂದ ವಿಮಾನದ ಲೆಕ್ಕ ಮಾಡಿದವ್ರೂ ನಿಮ್ಮಂಗ ಕಾಲೇಜಿನವ್ರ ಏನ್ರಿ?"

"ಹೌದ್ರಿ."

"ಯಾ ಅಲ್ಲಾ! ಅದರಾಗ ಮಂದಿ ಕುಂದರ್ತಾರಲ್ರಿ!" ಎಂದು ನಕ್ಕರು. ಎರಡು ವರ್ಷದಲ್ಲಿ ನನ್ನ ಓದಿನ ಬಗ್ಗೆ ಅಷ್ಟು ನೇರವಾಗಿ ಯಾರೂ ಮಾತಾಡಿರಲಿಲ್ಲ.

ಮಾವನಿಗೆ ತೋರಿಸಲೆಂದು ಪದವಿಪತ್ರವನ್ನು ಸುರುಳಿ ಸುತ್ತಿ ತಂದಿದ್ದೆ. ಏಳುವಾಗ ಅದು ಅವರ ಕಣ್ಣಿಗೆ ಬಿತ್ತು.

"ಏನ್ರಿ ಅದು, ಕ್ಯಾಲೆಂಡರೇನು?"

"ಹೌದ್ರಿ, ಹೋದ ವರ್ಷದ್ದು" ಎಂದೆ. ಅವರಿಗೆ ನಾನು ಹೇಳಿದ ಎರಡನೆಯ ಸುಳ್ಳು ಅದು.