ದೇವರ ತಲೆಯ ಮೇಲಿನ ಪಾಚಿ

ಬೇರೆಯವರಿಗೆ ಬುದ್ಧಿ ಹೇಳುವುದಕ್ಕೆ ಸಂಬಳ ಕೊಡುವವರು ಸಿಕ್ಕಿಬಿಟ್ಟರೆ ಅದಕ್ಕಿಂತ ಸುಖದ ನೌಕರಿ ಇನ್ನೊಂದಿಲ್ಲ. ಬೆನ್ನು ಬಗ್ಗಿಸಬೇಕಿಲ್ಲ, ಬೆವರು ಸುರಿಸಬೇಕಿಲ್ಲ, ಗಂಟಲು ಗಟ್ಟಿಯಿದ್ದರೆ ಸಾಕು. ನನಗೆ ಅಂಥದೊಂದು ನೌಕರಿ ಸಿಕ್ಕಿ ಇಪ್ಪತ್ತೆರಡು ವರ್ಷವಾಯಿತು. ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ನಾನು ಸೇಫ್ಟಿ ಸೂಪರ್‌ವೈಸರ್. ಪ್ರತಿ ಸೋಮವಾರ ಬೆಳಿಗ್ಗೆ ಕೆಲಸಗಾರರನ್ನು ಸಾಲಾಗಿ ನಿಲ್ಲಿಸಿ, ಎತ್ತರಕ್ಕೆ ಹೋಗುವವರು ತಲೆಗೆ ಹೆಲ್ಮೆಟ್ಟು ಹಾಕಬೇಕು, ಮೈಗೆ ಬೆಲ್ಟು ಕಟ್ಟಬೇಕು, ಬೆಲ್ಟಿನ ಹಗ್ಗವನ್ನು ಗಟ್ಟಿಯಾದ ಆಧಾರಕ್ಕೆ ಬಿಗಿಯಬೇಕು ಎಂದು ಭಾಷಣ ಕುಟ್ಟುತ್ತೇನೆ. ಆಮೇಲೆ ಅವರನ್ನು ಷೆಡ್ಡಿನ ಮೇಲಕ್ಕೆ ಹತ್ತಿಸಿ ನಾನು ಕಾಫಿಗೆ ಹೋಗುತ್ತೇನೆ. ಮೇಲೆ ಹೋಗಿ ಯಾಕೆ ನೋಡುವುದಿಲ್ಲ ಎಂಬುದನ್ನು ಇಷ್ಟು ವರ್ಷ ಒಬ್ಬರ ಹತ್ತಿರವೂ ಬಾಯಿ ಬಿಟ್ಟಿಲ್ಲ. ನಿಮಗೆ ಹೇಳುತ್ತೇನೆ, ನಿಮ್ಮಲ್ಲೇ ಇರಲಿ. ನನಗೆ ಎತ್ತರವೆಂದರೆ ಜೀವ ಬಾಯಿಗೆ ಬರುತ್ತದೆ. ಅಟ್ಟದ ಮೇಲಿನ ಹಪ್ಪಳದ ಡಬ್ಬಿ ಇಳಿಸು ಎಂದರೂ ಬೆನ್ನುನೋವಿನ ನೆಪ ಹೇಳುವವನು ನಾನು.

ಈ ಗುಟ್ಟಿಗೆ ಸಂಚಕಾರ ಬಂದದ್ದು ನಮ್ಮ ಮನೆಯ ಮಾಡಿನಿಂದ. ಟಿ. ನರಸೀಪುರದಲ್ಲಿರುವ ನಮ್ಮದು ಹೆಂಚಿನ ಮನೆ, ಪಕ್ಕದಲ್ಲೇ ದೊಡ್ಡ ಮಾವಿನ ಮರ. ಎಲೆ, ಹೂವು, ಕಾಗೆಯ ಉಪಕಾರ ಎಲ್ಲವೂ ಹೆಂಚಿನ ಮೇಲೆ ಬಿದ್ದು ಕೊಳೆತು ಪಾಚಿ ಕಟ್ಟುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಯಾರನ್ನಾದರೂ ಕರೆಸಿ ಗುಡಿಸಿ, ಒಡೆದ ಹೆಂಚು ಬದಲಾಯಿಸಿ ಕೈಯಾಡಿಸುವುದು ರೂಢಿ. ಆದರೆ ನಮ್ಮ ಮನೆಯಲ್ಲಿ ಒಂದು ಸಂಪ್ರದಾಯವಿದೆ: ದೇವರ ಮನೆಯ ಮೇಲಿನ ಹೆಂಚನ್ನು ಯಾರೂ ತುಳಿಯುವಂತಿಲ್ಲ. ಕೆಳಗೆ ಸಾಲಿಗ್ರಾಮ ಇರುವಾಗ ಅದರ ನೆತ್ತಿಯ ಮೇಲೆ ನರಮನುಷ್ಯನ ಕಾಲು ಇಡುವುದುಂಟೇ ಎಂದು ನಮ್ಮಜ್ಜ ಹೇಳಿದ್ದರಂತೆ. ಹೀಗಾಗಿ ಬಂದವರೆಲ್ಲ ಆ ಭಾಗವನ್ನು ಭಕ್ತಿಯಿಂದ ಬಿಟ್ಟು ಉಳಿದದ್ದನ್ನು ಗುಡಿಸಿ ಹೋಗಿದ್ದರು. ಫಲವಾಗಿ ಅಡುಗೆಮನೆ, ಪಡಸಾಲೆ, ಕಡೆಗೆ ಬಚ್ಚಲು ಕೂಡ ಸೋರುತ್ತಿರಲಿಲ್ಲ. ಮೂರು ತಲೆಮಾರಿನ ಪಾಚಿ ಹೊತ್ತುಕೊಂಡು ದೇವರ ಮನೆಯೊಂದೇ ಸೋರುತ್ತಿತ್ತು.

ಹೋದ ಮಳೆಗಾಲದಲ್ಲಿ ಅಮ್ಮ ದೇವರ ಮಂಟಪದ ಮೇಲೆ ಕೊಡೆ ಬಿಚ್ಚಿಟ್ಟು ಮಂಗಳಾರತಿ ಮಾಡಿದರು. ಈ ಸಲ ಮುಂಗಾರಿಗೆ ಮೊದಲೇ ನನ್ನನ್ನು ಎದುರಿಗೆ ಕೂರಿಸಿಕೊಂಡು, ಊರಿನ ಷೆಡ್ಡುಗಳನ್ನೆಲ್ಲ ಕಾಯುವವನ ಮನೆಯಲ್ಲಿ ದೇವರಿಗೆ ಕಾಗೆ ಹಿಕ್ಕೆಯ ಅಭಿಷೇಕ ಆಗುತ್ತಿದೆ ಎಂದರು. ಮಾತು ನಾಟಿತು. ಹೆಡತಲೆ ಊರಿನ ಮಾದಪ್ಪನಿಗೆ ಹೇಳಿಕಳಿಸಿದೆ. ಹೆಂಚು ಕೈಯಾಡಿಸುವ ಕೆಲಸದಲ್ಲೇ ಕೂದಲು ನೆರೆಸಿದವನು.

ಮಾದಪ್ಪ ಬಂದು ಪಂಚೆ ಎತ್ತಿಕಟ್ಟಿ ಬರಿಗಾಲಲ್ಲಿ ಏಣಿಗೆ ಕಾಲಿಟ್ಟ. ನನ್ನೊಳಗಿನ ಸೂಪರ್‌ವೈಸರ್ ಎದ್ದು ನಿಂತ. ನನ್ನ ಮನೆಯ ಮಾಡಿನಿಂದಲೇ ಒಬ್ಬ ಬಿದ್ದರೆ ನಾನು ಕಾರ್ಖಾನೆಯಲ್ಲಿ ಯಾವ ಮುಖ ಇಟ್ಟುಕೊಂಡು ಭಾಷಣ ಮಾಡಲಿ? ಕಾರ್ಖಾನೆಯಿಂದ ಮೊದಲೇ ಕೇಳಿ ತಂದಿದ್ದ ಎರಡು ಬೆಲ್ಟು, ಎರಡು ಹೆಲ್ಮೆಟ್ಟು, ದಪ್ಪ ಹಗ್ಗ ಎಲ್ಲವನ್ನೂ ಜಗಲಿಯ ಮೇಲೆ ಹರಡಿ, ಇವಿಲ್ಲದೆ ಒಂದು ಹೆಂಚನ್ನೂ ಮುಟ್ಟಬಾರದು ಎಂದೆ. ಮನೆಯ ಆ ಬದಿಯ ಮಾವಿನ ಮರಕ್ಕೆ ಹಗ್ಗ ಕಟ್ಟಿ ಮಾಡಿನ ಮೇಲಿಂದ ಈ ಬದಿಗೆ ಇಳಿಬಿಡುವುದು, ಹೆಂಚು ತುಳಿಯದೆ ಹಲಗೆ ಹಾಸಿ ನಡೆಯುವುದು, ಪಾಚಿ ಒಣಗಿದ್ದಾಗಲೇ ಕೆರೆಯುವುದು ಎಂದೆಲ್ಲ ವಿವರಿಸಿದೆ. ಮಾದಪ್ಪ ಬೆಲ್ಟನ್ನು ತಿರುಗಿಸಿ ಮುರುಗಿಸಿ ನೋಡಿದ. ಏಣಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.

"ನಂಗೆ ಇದೆಲ್ಲ ಗೊತ್ತಿಲ್ಲ ಸಾ. ನೀವು ಕಟ್ಕಂಡು ಒಂದ್ ದಪ ಅತ್ತಿ ತೋರ್ಸಿ, ನಿಮ್ ಇಂದೇನೇ ನಾನೂ ಬತ್ತೀನಿ" ಎಂದ.

ನ್ಯಾಯವಾದ ಮಾತು. ಅಮ್ಮ ಬಾಗಿಲಲ್ಲಿ ನಿಂತಿದ್ದರು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನ್ನ ಹೆಂಡತಿ ಪದ್ಮ ಉತ್ತರ ಪತ್ರಿಕೆ ತಿದ್ದುವುದನ್ನು ಬಿಟ್ಟು ತಲೆಯೆತ್ತಿದಳು. ಆಗ ಆ ದೇವರೇ ನನ್ನ ಬಾಯಲ್ಲಿ ಮಾತು ಹೊರಡಿಸಿದ. "ಅದು ಹೇಗೆ ಆಗುತ್ತದೆ? ನಾನು ಈ ಮನೆಯ ಮಗ. ನಮ್ಮ ಮನೆದೇವರ ನೆತ್ತಿಯ ಮೇಲೆ ನಾನು ಕಾಲಿಡುವುದೇ?" ಎಂದು ಕೈಮುಗಿದೆ. ಸಂಧ್ಯಾವಂದನೆಯನ್ನು ಎರಡು ನಿಮಿಷದಲ್ಲಿ ಮುಗಿಸುವ ನನ್ನಲ್ಲಿ ಹೀಗೆ ಭಕ್ತಿ ಉಕ್ಕಿದ್ದನ್ನು ಕಂಡು ಅಮ್ಮನ ಕಣ್ಣಲ್ಲಿ ನೀರು ಬಂತು.

ಆದರೆ ಅಮ್ಮ ಕಣ್ಣೊರೆಸಿಕೊಂಡು ಪರಿಹಾರ ಹುಡುಕುವ ಜಾತಿಯವರು. ದೇವರ ತಲೆ ತುಳಿಯಬಾರದು ತಾನೆ, ದೇವರನ್ನೇ ಒಂದು ದಿನದ ಮಟ್ಟಿಗೆ ಸೋಸಲೆಯಲ್ಲಿರುವ ನನ್ನ ಸೋದರಮಾವನ ಮನೆಗೆ ಕಳಿಸಿದರಾಯಿತು ಎಂದರು. ಇಷ್ಟು ಸುಲಭದ ಉಪಾಯ ಮೂರು ತಲೆಮಾರಿಗೆ ಹೊಳೆದಿರಲಿಲ್ಲ. ಸಾಲಿಗ್ರಾಮದ ಸಂಪುಟ ಒಯ್ಯುವವರು ಮಡಿಯಲ್ಲಿರಬೇಕು, ಅಲ್ಲಿ ಪೂಜೆ ನೈವೇದ್ಯ ತಪ್ಪಬಾರದು. ಮನೆಯಲ್ಲಿ ಜನಿವಾರ ಇದ್ದದ್ದು ನನಗೊಬ್ಬನಿಗೇ. ನಾನು ಸಂಕಟದ ಮುಖ ಮಾಡಿ ಒಪ್ಪಿಕೊಂಡೆ. ಒಳಗೆ ಮಾತ್ರ ಹಾಲು ಕುಡಿದಷ್ಟು ಸಂತೋಷ. ಭಾವಿಯ ಬಳಿ ತಲೆಗೆ ನೀರು ಸುರಿದುಕೊಂಡು, ಮಡಿಪಂಚೆ ಉಟ್ಟು ಕಾರು ಹತ್ತಿದೆ. ಕಾರಿನ ಸೀಟಿಗೆ ಮಡಿಯುಂಟೇ ಎಂಬ ಪ್ರಶ್ನೆ ಬಂದಾಗ ಅಮ್ಮ ಅದಕ್ಕೂ ಒಂದು ಚೊಂಬು ನೀರು ಸುರಿದರು. ಸೋಸಲೆ ಮುಟ್ಟುವವರೆಗೆ ನಾನು ಒದ್ದೆಯ ಮೇಲೆ ಕೂತು ಬಿಸಿಲಿನಲ್ಲೂ ನಡುಗಿದೆ.

ಮಾವನ ಮನೆಯಲ್ಲಿ ನಾನು ಮಾಡಿದ ಪೂಜೆಯಂಥ ಪೂಜೆಯನ್ನು ಆ ಸಾಲಿಗ್ರಾಮ ಕಂಡಿರಲಿಕ್ಕಿಲ್ಲ. ಗೊತ್ತಿದ್ದ ಮಂತ್ರಗಳನ್ನು ಎರಡೆರಡು ಸಲ ಹೇಳಿದೆ. ಊಟಕ್ಕೆ ಮೂರು ಸಲ ಸಾರು ಹಾಕಿಸಿಕೊಂಡೆ. ಊಟವಾದ ಮೇಲೆ ಮಾವನ ಮಂಡಿನೋವಿನ ಚರಿತ್ರೆಯನ್ನು ಮೊದಲಿಂದ ಕೇಳಿದೆ. ಅಷ್ಟರಲ್ಲಿ ಮಾದಪ್ಪ ಹೇಗೋ ಕೆಲಸ ಮುಗಿಸಿರುತ್ತಾನೆ ಎಂದು ನಾಲ್ಕು ಗಂಟೆಗೆ ಒಬ್ಬನೇ ಹೊರಟೆ. ದೇವರನ್ನು ಮರುದಿನ ಕರೆತರುವುದೆಂದಾಗಿತ್ತು.

ಮನೆಯ ಮುಂದೆ ಕಾರು ನಿಲ್ಲಿಸಿ ತಲೆಯೆತ್ತಿದೆ. ಮಾಡಿನ ಮೇಲೆ, ಸರಿಯಾಗಿ ದೇವರ ಮನೆಯ ನೆತ್ತಿಯಲ್ಲಿ, ಚೂಡಿದಾರದ ಮೇಲೆ ಬೆಲ್ಟು ಬಿಗಿದು, ಹೆಲ್ಮೆಟ್ಟು ಹಾಕಿ, ಹಲಗೆಯ ಮೇಲೆ ಮಂಡಿಯೂರಿ ಪದ್ಮ ಪಾಚಿ ಕೆರೆಯುತ್ತಿದ್ದಳು. ಅವಳ ಹಿಂದೆ ಮಾದಪ್ಪ, ಅವನೂ ಬೆಲ್ಟಿನಲ್ಲಿ. ಹಗ್ಗ ಮಾವಿನ ಮರಕ್ಕೆ ಬಿಗಿಯಾಗಿತ್ತು. ಗಂಟಿನಲ್ಲಿ ಒಂದೂ ತಪ್ಪಿರಲಿಲ್ಲ. ನಾನು ಬರೆದು ಅಚ್ಚು ಹಾಕಿಸಿದ್ದ ಸುರಕ್ಷತಾ ಕೈಪಿಡಿ ಜಗಲಿಯ ಮೇಲೆ ತೆರೆದು ಬಿದ್ದಿತ್ತು. ಅದನ್ನು ಪೂರ್ತಿ ಓದಿದ ಮೊದಲ ವ್ಯಕ್ತಿ ನನ್ನ ಹೆಂಡತಿ.

ಯಾಕೆ ಹತ್ತಿದೆ, ನಾನು ಬರುತ್ತಿರಲಿಲ್ಲವೇ ಎಂದು ಕೆಳಗಿನಿಂದ ಗದರಿದೆ.

"ನೀವು ಬಂದಿದ್ರೂ ಹತ್ತುತ್ತಿರಲಿಲ್ಲ. ಮದುವೆಯಾದ ವರ್ಷ ತಲಕಾಡಿನಲ್ಲಿ ಮರಳುದಿಬ್ಬ ಇಳಿಯುವಾಗ ಕಣ್ಣು ಮುಚ್ಚಿ ನನ್ನ ಸೆರಗು ಹಿಡ್ಕೊಂಡಿದ್ರಲ್ಲ, ಅವತ್ತೇ ಗೊತ್ತಾಯ್ತು" ಎಂದಳು ಪದ್ಮ, ಕೆರೆಯುವುದನ್ನು ನಿಲ್ಲಿಸದೆ. "ಈಗ ಇಳೀತೀನಿ, ಏಣಿ ಹಿಡ್ಕೊಳ್ಳಿ."

ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹಗುರಾಯಿತು. ಎರಡು ಕೈಯಲ್ಲೂ ಏಣಿ ಹಿಡಿದೆ. ಅವಳು ಇಳಿದು ಬಂದಳು. ಅವಳ ಹಿಂದೆ ಇಳಿದ ಮಾದಪ್ಪ, ಬೆಲ್ಟು ಇದ್ದರೆ ಸೊಂಟ ನೋಯುವುದಿಲ್ಲವೆಂದೂ ಇದನ್ನು ತನಗೇ ಕೊಟ್ಟುಬಿಡಬೇಕೆಂದೂ ಕೇಳಿದ.

ಸೋಮವಾರ ಕಾರ್ಖಾನೆಯಲ್ಲಿ ನನಗೆ ಸುಮ್ಮನಿರಲಾಗಲಿಲ್ಲ. ನಮ್ಮ ಮನೆಯ ಮಾಡನ್ನು ಹೇಗೆ ಶಾಸ್ತ್ರೋಕ್ತವಾಗಿ ಶುಚಿ ಮಾಡಿದೆವು, ಒಬ್ಬರಿಗೂ ಒಂದು ಗೀರೂ ಆಗಲಿಲ್ಲ ಎಂದು ಅರ್ಧ ಗಂಟೆ ಬಣ್ಣಿಸಿದೆ. ನೀವೂ ಹತ್ತಿದ್ರಾ ಸಾ ಎಂದು ಯಾರೋ ಕೇಳಿದರು. ಏಣಿ ನನ್ನ ಕೈಯಲ್ಲೇ ಇತ್ತು ಎಂದೆ. ಸಾಲಿನಲ್ಲಿ ಮುಸಿಮುಸಿ ನಗೆ ಎದ್ದಿತು. ಭಾಷಣ ಮುಗಿದ ಮೇಲೆ ಹಳೆಯ ಫಿಟ್ಟರ್ ನಿಂಗರಾಜು ಪಕ್ಕಕ್ಕೆ ಬಂದು, ಬೇಜಾರು ಮಾಡಿಕೊಳ್ಳಬಾರದು ಎಂದು ಪೀಠಿಕೆ ಹಾಕಿದ.

"ನೀವು ಮ್ಯಾಕ್ಕೆ ಬರಾಕಿಲ್ಲ ಅಂತ ನಮ್ಗೆಲ್ಲ ಗೊತ್ತು ಸಾ. ಅದ್ಕೇ ನಾವು ಮ್ಯಾಲೋದ ತಕ್ಷಣ ಬೆಲ್ಟ್ ಬಿಚ್ಚಾಕ್ಬುಡ್ತೀವಿ. ಸೆಕೆ ನೋಡಿ."

ಇಪ್ಪತ್ತೆರಡು ವರ್ಷ. ನನಗೆ ನಿಜವಾದ ಭಯವಾದದ್ದು ಆಗ, ಗಟ್ಟಿ ನೆಲದ ಮೇಲೆ ನಿಂತಿದ್ದಾಗ. ಅಷ್ಟು ವರ್ಷ ಯಾರೂ ಬೀಳದೆ ಉಳಿದದ್ದು ನನ್ನ ಭಾಷಣದಿಂದಲ್ಲ, ಅವರವರ ಹೆಂಡಿರು ಮಕ್ಕಳ ಪುಣ್ಯದಿಂದ.

ಈಗ ಪ್ರತಿ ಭಾನುವಾರ ನಮ್ಮ ಹಿತ್ತಲಲ್ಲಿ ಅಭ್ಯಾಸ ನಡೆದಿದೆ. ನಾನು ಹೆಲ್ಮೆಟ್ಟು, ಬೆಲ್ಟು ಎಲ್ಲ ಬಿಗಿದುಕೊಳ್ಳುತ್ತೇನೆ, ಪದ್ಮ ಏಣಿ ಹಿಡಿಯುತ್ತಾಳೆ, ಅಮ್ಮ ದೇವರಿಗೆ ದೀಪ ಹಚ್ಚುತ್ತಾರೆ. ಮೂರನೆಯ ಮೆಟ್ಟಿಲವರೆಗೆ ಬಂದಿದ್ದೇನೆ. ಷೆಡ್ಡಿನ ಏಣಿಗೆ ಮೂವತ್ತಾರು ಮೆಟ್ಟಿಲು. ನನ್ನ ನಿವೃತ್ತಿಗೆ ಇನ್ನೂ ಆರು ವರ್ಷವಿದೆ. ಅಷ್ಟರೊಳಗೆ ಮೇಲೆ ಹೋಗಿ ನಿಂಗರಾಜುವಿನ ಕಿವಿ ಹಿಂಡುವುದು ಖಂಡಿತ.