ಮುಂದಿನ ಚಕ್ರದ ಅಂಟು

ಬಸೀಲಿಯಾ: ಮೊದಲು ಇದನ್ನ ಸರಿ ಮಾಡಿ. ಅದೆಲ್ಲ ಆಮೇಲೆ.

'ಇದು' ಎಂದರೆ ಅಂಗೈ ಅಗಲದ ತಗಡಿನ ಆಟಿಕೆ ಪಿಕಪ್. 'ಅದು' ಎಂದರೆ ನೆಮೇಸಿಯೋವಿನ ಗ್ಯಾರೇಜಿನಲ್ಲಿ ಕಲ್ಲುಗಳ ಮೇಲೆ ನಿಂತಿದ್ದ ನಿಜವಾದ ಪಿಕಪ್. ಎಲ್ ಆಲ್ತೋ ನಗರದಲ್ಲಿ ಇಪ್ಪತ್ತೆಂಟು ವರ್ಷದಿಂದ ಗಾಡಿ ಬಿಚ್ಚಿ ಜೋಡಿಸುತ್ತಿದ್ದ ನೆಮೇಸಿಯೋ ಗಿರಾಕಿಗಳ ಬಾಯಿಂದ ಬೇಕಾದಷ್ಟು ಕೇಳಿದ್ದ. ಆದರೆ ಆಟಿಕೆಯನ್ನು ರಿಪೇರಿಗೆ ತಂದವರು ಯಾರೂ ಇರಲಿಲ್ಲ. ಅವನು ಬಸೀಲಿಯಾಳ ಗಂಡ ಮಕಾರಿಯೋವಿನ ಮುಖ ನೋಡಿದ. ಮಕಾರಿಯೋ ಹಳೇ ಟೈರಿನ ಮೇಲೆ ಕೂತು, ಕೋಕಾ ಎಲೆ ಜಗಿಯುತ್ತ, ಛಾವಣಿಯನ್ನು ಪರೀಕ್ಷಿಸುತ್ತಿದ್ದ.

ನೆಮೇಸಿಯೋ: ಡೋನ್ಯಾ ಬಸೀಲಿಯಾ, ಹಿಂದಿನ ಎರಡು ಚಕ್ರ ಮಾತ್ರ ಎಳೆಯೋ ಗಾಡೀನ ನಾಲ್ಕೂ ಚಕ್ರ ಎಳೆಯೋ ಹಾಗೆ ಮಾಡಬೇಕು. ನೀವು ಹೇಳಿದ ಕೆಲಸ ಇಷ್ಟೇ ತಾನೆ?

ಬಸೀಲಿಯಾ: ಇಷ್ಟೇ.

ನೆಮೇಸಿಯೋ: ಅದಕ್ಕೆ ಮುಂದೆ ಬೇರೆ ಆಕ್ಸಲ್ ಬೇಕು. ಇಂಜಿನ್ನಿನ ಶಕ್ತೀನ ಮುಂದಕ್ಕೂ ಹಂಚೋಕೆ ಇನ್ನೊಂದು ಗೇರ್ ಪೆಟ್ಟಿಗೆ ಬೇಕು. ಎರಡೂ ತಂದಿಟ್ಟಿದೀನಿ. ನಡುವೆ ಈ ಆಟಿಕೆ ಎಲ್ಲಿಂದ ಬಂತು?

ಬಸೀಲಿಯಾ: ಎಲ್ಲಿಂದ ಬಂತಾ? ಆ ಗಾಡಿ ಬಂದಿದ್ದೇ ಇದರಿಂದ! ಹೇಳು ಮಕಾರಿಯೋ.

ಮಕಾರಿಯೋ: ಹೋದ ವರ್ಷ ಅಲಸೀತಾ ಸಂತೇಲಿ, ಬೇಕಾದ್ದರ ಪುಟ್ಟ ಆಟಿಕೆ ಕೊಂಡರೆ ವರ್ಷದೊಳಗೆ ನಿಜವಾದ್ದು ಬರ್ತದಲ್ಲ, ಅಲ್ಲಿ ತಗೊಂಡೆ. ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ, ಪೂಜೆ ಮಾಡೋ ಯಾತೀರಿ ಅಜ್ಜನ ಕೈಲಿ ಧೂಪ ಹಾಕಿಸಿದೆ. ಎಂಟನೇ ತಿಂಗಳಿಗೆ ಪಿಕಪ್ ಬಂತು.

ಬಸೀಲಿಯಾ: ಎಂಥಾದ್ದು ತಗೊಂಡೆ ಅಂತ ಹೇಳು.

ಮಕಾರಿಯೋ: ಅಗ್ಗದ್ದು.

ಬಸೀಲಿಯಾ: ನೋಡಿ ಮೇಸ್ತ್ರಿ. ಹಿಂದಿನ ಚಕ್ರ ತಿರುಗ್ತವೆ. ಮುಂದಿನವನ್ನ ಅಂಟು ಮೆತ್ತಿ ಕೂರಿಸಿದಾರೆ. ಸಂತೆ ತುಂಬ ನಾಲ್ಕೂ ಚಕ್ರ ತಿರುಗೋ ಗಾಡಿಗಳಿದ್ದವು. ಈ ಮಹಾರಾಯ ಅಂಟಿಸಿದ್ದನ್ನೇ ಹುಡುಕಿ ತಂದ. ಏನು ಕೇಳಿದನೋ ಅದೇ ಸಿಕ್ಕಿತು.

ನೆಮೇಸಿಯೋ: ನಿಮ್ಮ ಗಾಡೀಲಿ ಮುಂದಿನ ಚಕ್ರವೂ ತಿರುಗ್ತವೆ ಡೋನ್ಯಾ. ಎಳೆಯಲ್ಲ, ಅಷ್ಟೆ.

ಬಸೀಲಿಯಾ: ತಿರುಗ್ತವೆ, ಕೆಲಸ ಮಾಡಲ್ಲ. ಮನೇಲಿ ಅಂಥವರು ಇನ್ನೊಬ್ಬರು ಇದಾರೆ.

ಮಕಾರಿಯೋ: ನಾನು ಬಾಯೇ ಬಿಟ್ಟಿಲ್ಲ!

ಹತ್ತು ದಿನ ಕಳೆದು ಬರುವ ಭಾನುವಾರ ಬೆಟ್ಟದ ಮೇಲಿನ ಅವರ ಹಳ್ಳಿಯಲ್ಲಿ ಮಾತೆಯ ಹಬ್ಬ. ಈ ವರ್ಷ ಹಬ್ಬದ ಯಜಮಾನಿಕೆ ಬಸೀಲಿಯಾಳದು. ವಾದ್ಯದವರನ್ನು ಮೇಲಕ್ಕೆ ಮುಟ್ಟಿಸುವುದು ಯಜಮಾನಿಯ ಹೊಣೆ. ಮಳೆಗಾಲದಲ್ಲಿ ಆ ಏರುದಾರಿ ಮೊಣಕಾಲುದ್ದ ಕೆಸರು.

ನೆಮೇಸಿಯೋ: ವಾದ್ಯದವರು ನಡೆದು ಹತ್ತಿದರೆ ಏನಾಗ್ತದೆ?

ಬಸೀಲಿಯಾ: ಹನ್ನೆರಡು ಜನ. ಎರಡು ದೊಡ್ಡ ಡೋಲು. ಕುರಿಯಷ್ಟು ತೂಕದ ಮೂರು ಹಿತ್ತಾಳೆ ತುತ್ತೂರಿ. ನಡೆದು ಹತ್ತಿದ ಮೇಲೆ ಊದೋಕೆ ಉಸಿರು ನೀವು ಕೊಡ್ತೀರಾ? ಹೋದ ವರ್ಷ ಯಜಮಾನಿಯಾಗಿದ್ದ ನನ್ನ ನಾದಿನಿ ಎರ್ಮೀನಿಯಾ ಹೊತ್ತಿಗೆ ಮುಂಚೆ ವಾದ್ಯ ಹತ್ತಿಸಿದಳು. ನನ್ನದು ಕೆಸರಲ್ಲಿ ಕೂತರೆ, ನಾನು ಸತ್ತ ಮೇಲೂ ಗೋರಿ ಹತ್ರ ಬಂದು ಅದನ್ನೇ ಹೇಳ್ತಾಳೆ.

ಮಕಾರಿಯೋ: ನನ್ನ ತಂಗಿ ಅಂಥವಳಲ್ಲ.

ಬಸೀಲಿಯಾ: ನಿಜ. ಸಾಯೋವರೆಗೂ ಕಾಯೋಳಲ್ಲ.

ಅಷ್ಟರಲ್ಲಿ ಅವಳ ಕಣ್ಣು ಗೋಡೆಯ ಹಲಗೆಯ ಮೇಲೆ ನಿಂತಿತು. ಎಣ್ಣೆಡಬ್ಬಗಳ ನಡುವೆ ಎರಡಂತಸ್ತಿನ ಒಂದು ಪುಟ್ಟ ಗಾರೆಮನೆ ಧೂಳು ಹಿಡಿದು ಕೂತಿತ್ತು.

ಬಸೀಲಿಯಾ: ನೀವೂ ಸಂತೆಗೆ ಹೋದವರೇ!

ನೆಮೇಸಿಯೋ: ಹನ್ನೊಂದು ವರ್ಷದ ಹಿಂದೆ ಹೆಂಡತಿ ತಂದಿದ್ದು. ಮನೆ ಆಯ್ತು. ಯಾಕಾಯ್ತು ಅಂದ್ರೆ ನಾನು ಇಟ್ಟಿಗೆ ಹೊತ್ತೆ.

ಮೇಲಿನ ಅಂತಸ್ತಿನಿಂದ ಹೆಂಡತಿ ಊಟಕ್ಕೆ ಕೂಗಿದಳು. ಈಗ ಬಂದೆ ಎಂದು ಕೂಗಿ, ನೆಮೇಸಿಯೋ ಹೊರಗೋಡೆಗೆ ಒರಗಿಸಿದ್ದ ಏಣಿಯ ಬುಡಕ್ಕೆ ಕಲ್ಲು ಒತ್ತಿ ಬಂದ.

ಬಸೀಲಿಯಾ: ಏಣಿ ಯಾಕೆ?

ನೆಮೇಸಿಯೋ: ಮೆಟ್ಟಿಲು ಇನ್ನೂ ಕಟ್ಟಿಲ್ಲ. ಪ್ರತಿ ವರ್ಷ ಸಿಮೆಂಟು ಇನ್ನೇನಕ್ಕೋ ಹೋಗ್ತದೆ.

ಬಸೀಲಿಯಾ ಗಾರೆಮನೆಯನ್ನು ಇನ್ನೊಮ್ಮೆ ನೋಡಿ "ಹೂಂ" ಎಂದಳು. ಆ ಹೂಂಕಾರ ನೆಮೇಸಿಯೋವಿಗೆ ಹಿಡಿಸಲಿಲ್ಲ. ಆಟಿಕೆ ಕೈಗೆ ಬಂದರೆ ಇವಳು ಹೋಗುತ್ತಾಳೆ, ಇವಳು ಹೋದರೆ ಅನ್ನ ಬಿಸಿಯಿರುವಾಗ ಸಿಗುತ್ತದೆ ಎಂದು ಲೆಕ್ಕ ಹಾಕಿದ. ಬ್ಲೇಡಿನಿಂದ ಅಂಟು ಕೆರೆದ. ಸೈಕಲ್ ಕಡ್ಡಿ ತುಂಡರಿಸಿ ಮುಂದಿನ ಚಕ್ರಗಳಿಗೆ ತೂರಿಸಿದ. ಹಿಂದಿನ ಕಡ್ಡಿಯಿಂದ ಮುಂದಿನ ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿದ. ಅದು ಜೋಲುತ್ತಿತ್ತು. ನಡುವೆ ಒಮ್ಮೆ ತಿರುಚಿದ, ಗಟ್ಟಿಯಾಯಿತು. ಹಿಂದಿನ ಚಕ್ರವನ್ನು ಬೆರಳಿನಿಂದ ತಳ್ಳಿದ. ನಾಲ್ಕೂ ತಿರುಗಿದವು. ಬಸೀಲಿಯಾ ಆಟಿಕೆಯನ್ನು ಬೆನ್ನಿಗೆ ಕಟ್ಟಿದ್ದ ಬಣ್ಣದ ಬಟ್ಟೆಯ ಗಂಟಿಗೆ ಸೇರಿಸಿದಳು. ಮರುದಿನ, ಶುಕ್ರವಾರ, ನಡುಮಧ್ಯಾಹ್ನ ಅದಕ್ಕೆ ಧೂಪವಾಯಿತು.

ಮುಂದಿನ ಬುಧವಾರ ನಿಜವಾದ ಪಿಕಪ್ ಕಲ್ಲಿನಿಂದ ಇಳಿದು ಅಂಗಳಕ್ಕೆ ಬಂತು. ಮಕಾರಿಯೋ ಸ್ಟಿಯರಿಂಗ್ ಹಿಡಿದು ಕೂತು ಆಕ್ಸಿಲರೇಟರ್ ಒತ್ತಿದ. ಗಾಡಿ ಅಬ್ಬರಿಸಿತು, ನಡುಗಿತು, ಕೆಸರನ್ನು ಹಿಂದಕ್ಕೂ ಮುಂದಕ್ಕೂ ಎರಚಿತು. ನಿಂತ ಜಾಗ ಮಾತ್ರ ಬಿಡಲಿಲ್ಲ.

ಮಕಾರಿಯೋ: ಹ್ಯಾಂಡ್‌ಬ್ರೇಕ್ ಬಿಟ್ಟಿದೀನಿ! ಆಣೆಗೂ ಬಿಟ್ಟಿದೀನಿ!

ನೆಮೇಸಿಯೋ ಬಗ್ಗಿ ನೋಡಿದ. ನೋಡಿದ್ದು ಸುಳ್ಳಿರಬಹುದೆಂದು ಇನ್ನೊಂದು ಬದಿಗೆ ಹೋಗಿ ಅಲ್ಲಿಂದಲೂ ಬಗ್ಗಿದ.

ಬಸೀಲಿಯಾ: ಏನಾಯ್ತು?

ನೆಮೇಸಿಯೋ: ನಾಲ್ಕೂ ಚಕ್ರ ಎಳೀತಾ ಇವೆ.

ಬಸೀಲಿಯಾ: ಎಲ್ಲಿಗೆ?

ನೆಮೇಸಿಯೋ: ಎರಡು ಹಳ್ಳಿಗೆ. ಎರಡು ವಾಪಸ್ ಮನೆಗೆ.

ಮಕಾರಿಯೋ: ರಿವರ್ಸ್ ಹಾಕಲಾ ಮೇಸ್ತ್ರಿ?

ನೆಮೇಸಿಯೋ: ಹಾಕು. ಮುಂದಿನವು ಹಳ್ಳಿಗೆ ಹೊರಡ್ತವೆ, ಹಿಂದಿನವು ವಾಪಸ್ ಬರ್ತವೆ.

ಮಕಾರಿಯೋ: ಮಧ್ಯದಲ್ಲಿ ಕೂತ ನಾನು?

ಬಸೀಲಿಯಾ: ನೀನು ಎಲ್ಲಿದ್ದೀಯೋ ಅಲ್ಲೇ. ಅಭ್ಯಾಸ ಇದೆಯಲ್ಲ.

ಅವಳು ಗಂಟು ಬಿಚ್ಚಿ ಆಟಿಕೆ ತೆಗೆದು, ಹಿಂದಿನ ಚಕ್ರವನ್ನು ಮುಂದಕ್ಕೆ ತಿರುಗಿಸಿದಳು. ಮುಂದಿನ ಚಕ್ರಗಳು ಹಿಂದಕ್ಕೆ ತಿರುಗಿದವು. ಮೂವರೂ ನೋಡಿದರು.

ಬಸೀಲಿಯಾ: ಈ ರಬ್ಬರ್ ಯಾಕೆ ಅಡ್ಡಡ್ಡ ಹೋಗಿದೆ?

ನೆಮೇಸಿಯೋ: ಉದ್ದ ಜಾಸ್ತಿ ಇತ್ತು. ಬಿಗಿಯಾಗಲಿ ಅಂತ ತಿರುಚಿದೆ.

ಬಸೀಲಿಯಾ: ಧೂಪ ಬಿದ್ದಿದ್ದು ಇದಕ್ಕೆ. ಏನು ಕೇಳಿದೆವೋ ಅದೇ ಸಿಕ್ಕಿತು.

ನೆಮೇಸಿಯೋ: ಇಲ್ಲ ಡೋನ್ಯಾ, ಇಲ್ಲ! ಇದಕ್ಕೆ ಕಾರಣ ಇದೆ. ಆ ಆಕ್ಸಲ್ ಬಲಗಡೆ ಸ್ಟಿಯರಿಂಗಿನ ಹೊರದೇಶದ ಗಾಡೀದು. ಬಲದ ಸ್ಟಿಯರಿಂಗನ್ನ ನಮ್ಮ ರಸ್ತೆಗೆ ತಕ್ಕ ಹಾಗೆ ಎಡಕ್ಕೆ ದಾಟಿಸೋದು ನನ್ನ ದಿನಾ ಕೆಲಸ. ಆಕ್ಸಲ್ಲಿನ ಗೇರುಹೊಟ್ಟೆ, ಅಂದ್ರೆ ಗೇರು ಕೂತಿರೋ ಉಬ್ಬು, ಅದೂ ಬಲಕ್ಕಿತ್ತು. ಶಕ್ತಿ ಹೊರಬರೋ ಪೆಟ್ಟಿಗೆಯ ಬಾಯಿ ಇದ್ದಿದ್ದು ಎಡಕ್ಕೆ. ಕೈ ಅಭ್ಯಾಸದ ಮೇಲೆ ಆಕ್ಸಲ್ಲನ್ನ ಕವುಚಿ ಹಾಕಿಬಿಟ್ಟೆ. ಹೊಟ್ಟೆ ಎಡಕ್ಕೆ ಬಂತು. ತಲೆಕೆಳಗಾದ್ದರಿಂದ ತಿರುಗೋದೂ ಉಲ್ಟಾ ಆಯ್ತು. ಇದು ಯಂತ್ರದ ವಿಚಾರ.

ಬಸೀಲಿಯಾ: ಕವುಚಿ ಹಾಕಿದ್ದು ಯಾವತ್ತು?

ನೆಮೇಸಿಯೋ: ಶನಿವಾರ.

ಬಸೀಲಿಯಾ: ರಬ್ಬರ್ ತಿರುಚಿದ್ದು?

ನೆಮೇಸಿಯೋ: ಗುರುವಾರ.

ಬಸೀಲಿಯಾ: ಇಪ್ಪತ್ತೆಂಟು ವರ್ಷದಲ್ಲಿ ಹೀಗೆ ಎಷ್ಟು ಆಕ್ಸಲ್ ಕವುಚಿ ಹಾಕಿದೀರಿ?

ನೆಮೇಸಿಯೋ ಬೆರಳು ಮಡಿಚಿ ಎಣಿಸಲು ಹೋದ. ಒಂದೂ ಇರಲಿಲ್ಲ.

ನೆಮೇಸಿಯೋ: ಬಲಕ್ಕೆ ಬಾಯಿರೋ ಪೆಟ್ಟಿಗೆ ಸಿಕ್ಕಿದರೆ ಆಕ್ಸಲ್ಲನ್ನ ನೆಟ್ಟಗೆ ಕೂರಿಸಬಹುದು. ನಾಳೆ ಹಳೇ ಸಾಮಾನಿನ ಸಂತೆ. ಸಿಕ್ಕಿದರೆ ಎರಡು ದಿನದ ಕೆಲಸ.

ಬಸೀಲಿಯಾ: ಸಿಗ್ತದೆ. ಮೊದಲು ಇದನ್ನ ಸರಿ ಮಾಡಿ.

ನೆಮೇಸಿಯೋ: ಆ ಆಟಿಕೆ ನಾನು ಮುಟ್ಟಲ್ಲ.

ಬಸೀಲಿಯಾ: ಸರಿ. ಮಕಾರಿಯೋ, ಎದುರು ಬೀದಿ ಮೇಸ್ತ್ರಿ ಅಂಗಡಿ ತೆರೆದಿದಾನಾ ನೋಡಿ ಬಾ.

ಮಕಾರಿಯೋ ಗಾಡಿಯಿಂದ ಇಳಿಯುವ ಮೊದಲೇ ನೆಮೇಸಿಯೋ ಸೈಕಲ್ ಟ್ಯೂಬಿನಿಂದ ಸಣ್ಣ ಬಳೆಯಷ್ಟು ಕತ್ತರಿಸಿಕೊಂಡಿದ್ದ. ಈ ಸಲ ತಿರುಚಲಿಲ್ಲ. ನಾಲ್ಕೂ ಚಕ್ರ ಒಂದೇ ಕಡೆ ತಿರುಗಿದವು. ತಾನು ಅದನ್ನು ಎರಡೆರಡು ಬಾರಿ ತಿರುಗಿಸಿ ನೋಡಿದ್ದು ಬಸೀಲಿಯಾಳ ಕಣ್ಣಿಗೆ ಬೀಳಲಿಲ್ಲ ಎಂದುಕೊಂಡ. ಬಿದ್ದಿತ್ತು.

ಶನಿವಾರ ಸಂಜೆ ಪಿಕಪ್ ಗ್ಯಾರೇಜಿನ ಹಿಂದಿನ ಜಲ್ಲಿರಾಶಿಯನ್ನು ಹತ್ತಿ ಇಳಿಯಿತು.

ನೆಮೇಸಿಯೋ: ನೋಡಿದ್ರಾ? ಪೆಟ್ಟಿಗೆ ಬದಲಾಯಿಸಿದೆ, ಹತ್ತಿತು.

ಬಸೀಲಿಯಾ: ನಾನೆಲ್ಲಿ ಇಲ್ಲ ಅಂದೆ? ಗುರುವಾರ ಪೆಟ್ಟಿಗೆ ಎಷ್ಟು ಹೊತ್ತಿಗೆ ಸಿಕ್ಕಿತು?

ನೆಮೇಸಿಯೋ: ಬೆಳಗಿಂದ ಹುಡುಕಿದೆ. ಹನ್ನೆರಡೂಕಾಲಿಗೆ ಸಿಕ್ಕಿತು.

ಬಸೀಲಿಯಾ: ನಾವು ಹನ್ನೆರಡಕ್ಕೆ ಧೂಪ ಹಾಕಿಸಿದ್ವಿ. ಕಾಲು ಗಂಟೆ ತಡ. ಸಂತೆ ದೂರ ಅಲ್ವಾ.

ಸೋಮವಾರ ಗಂಡಹೆಂಡಿರು ಮತ್ತೆ ಬಂದರು. ಬಾನೆಟ್ಟಿನ ಮೇಲೆ ಬಣ್ಣದ ಕಾಗದದ ಚೂರುಗಳು ಬಿಯರಿನಲ್ಲಿ ನೆಂದು ಅಂಟಿಕೊಂಡಿದ್ದವು. ಮಕಾರಿಯೋ ಒಂದು ಮೂಟೆ ಆಲೂಗಡ್ಡೆ ಇಳಿಸಿದ.

ನೆಮೇಸಿಯೋ: ಹತ್ತಿತಾ?

ಮಕಾರಿಯೋ: ಹನ್ನೆರಡು ಜನ, ಡೋಲು, ತುತ್ತೂರಿ, ಒಂದೇ ಸಲಕ್ಕೆ! ತುದಿ ತಲುಪೋ ಮುಂಚೆನೇ ಊದೋಕೆ ಶುರು ಮಾಡಿದ್ರು.

ನೆಮೇಸಿಯೋ: ನಾದಿನಿ ಏನಂದ್ರು?

ಬಸೀಲಿಯಾ: ಸದ್ದು ಜಾಸ್ತಿಯಾಯ್ತು, ತಲೆನೋವು ಬಂತು ಅಂದಳು.

ಹಾಗೆ ಹೇಳಿದಾಗ ಅವಳ ಮುಖದಲ್ಲಿದ್ದ ತೃಪ್ತಿಯನ್ನು ನೆಮೇಸಿಯೋ ಹಿಂದೆಂದೂ ಯಾವ ಗಿರಾಕಿಯಲ್ಲೂ ಕಂಡಿರಲಿಲ್ಲ. ಮಕಾರಿಯೋ ಗಾಡಿ ತಿರುಗಿಸಲು ಹೋಗುವುದನ್ನೇ ಅವನು ಕಾದ. ಏಣಿಯ ಮೇಲೆ ಹೆಂಡತಿ ಇಲ್ಲವೆಂದು ಖಚಿತ ಮಾಡಿಕೊಂಡ. ಆಮೇಲೆ ಹಲಗೆಯಿಂದ ಗಾರೆಮನೆ ಇಳಿಸಿ, ತೋಳಿನಿಂದ ಧೂಳು ಒರೆಸಿದ. ಕೆಳಗೆ ಬಾಗಿಲು, ಮೇಲೆ ಬಾಗಿಲು, ಕಿಟಕಿಗೆ ಹಸಿರು ಬಣ್ಣ. ಕೆಳಗಿನ ಬಾಗಿಲಿನಿಂದ ಮೇಲಿನ ಬಾಗಿಲಿಗೆ ಏನೂ ಇರಲಿಲ್ಲ.

ನೆಮೇಸಿಯೋ: ಡೋನ್ಯಾ, ಸುಮ್ಮನೆ ಕೇಳ್ತೀನಿ. ಇದಕ್ಕೆ ಬೆಂಕಿಕಡ್ಡಿ ಮುರಿದು ಮೆಟ್ಟಿಲು ಅಂಟಿಸಿದರೆ ನಡೀತದಾ?

ಬಸೀಲಿಯಾ: ಧಾರಾಳವಾಗಿ. ಕವುಚಿ ಮಾತ್ರ ಅಂಟಿಸಬೇಡಿ.